ಮುನ್ನೂರರುವತ್ತು ಎಲೆಗಳ ಆಟವನ್ನು ಆಡುವವರಾರು?

ಮೈಸೂರಿನ ತರುಣರಲ್ಲಿ ಈಗ ಬಹು ಬೇಗ ಬಿಸಿಯೇರುವ ವಾದಗಳೊಳಗೆ ವಿಡಿಯೋ ಆಟಗಳನ್ನು ಕುರಿತದ್ದೂ ಒಂದು. ಹೆಸರಾದ ಆಟವೊಂದಕ್ಕೆ ಎರಡನೆಯ ಭಾಗವೋ ಮೂರನೆಯ ಭಾಗವೋ ಹೊರಬಂದೊಡನೆ, ಮೊದಲಿನದು ಮೇಲೋ ಈಗಿನದು ಮೇಲೋ ಎಂಬ ಚರ್ಚೆ ವಿದ್ಯಾರ್ಥಿನಿಲಯಗಳಲ್ಲಿಯೂ ಕಾಫಿಯ ಮೇಜುಗಳ ಸುತ್ತಲೂ ಹುಟ್ಟಿಕೊಳ್ಳುತ್ತದೆ. ಒಂದು ಪಕ್ಷದವರು, ಹೊಸದರಲ್ಲಿ ನಕ್ಷೆ ಹಿರಿದಾಯಿತು, ಆಯುಧಗಳು ಹೆಚ್ಚಾದುವು, ಚಿತ್ರಗಳಿಗೆ ಜೀವ ಬಂದಿತು ಎಂದು ಲೆಕ್ಕ ಒಪ್ಪಿಸುವರು. ಇನ್ನೊಂದು ಪಕ್ಷದವರು ಹಳೆಯದರ ಸ್ವಾರಸ್ಯ ಇದರಲ್ಲಿಲ್ಲವೆಂದು ಹೇಳಿ, ಆ ಸ್ವಾರಸ್ಯ ಯಾವುದೆಂದು ಕೇಳಿದರೆ ಸುಮ್ಮನಾಗುವರು. ಹಿರಿಯರು ಇದನ್ನು ಕೇಳಿ ಹುಡುಗಾಟವೆಂದು ನಗುತ್ತಾರೆ. ಹಾಗೆ ನಗುವುದಕ್ಕೆ ಮೈಸೂರಿನ ಹಿರಿಯರಿಗೆ ಅಧಿಕಾರವಿಲ್ಲ. ಇದೇ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಊರಿನ ಅರಮನೆಯೊಳಗೆ ಬಣ್ಣದ ಎಲೆಗಳ ರೂಪದಲ್ಲಿ ಎದ್ದಿತ್ತು. ಕಾಲವು ಅದಕ್ಕೆ ಸ್ಪಷ್ಟವಾಗಿ ಕೊಟ್ಟ ಉತ್ತರವನ್ನು ಊರಿನ ದೊಡ್ಡವರೇ ಇಂದಿಗೂ ತಲೆಕೆಳಗಾಗಿ ಓದುತ್ತಿರುವರು.

ಆ ಎಲೆಗಳ ಆಟದ ಹೆಸರು ಗಂಜೀಫ. ಮೈಸೂರಿನ ಕಲಾವೈಭವವನ್ನು ವರ್ಣಿಸುವ ಭಾಷಣಗಳಲ್ಲಿಯೂ ದಸರಾ ಕಾಲದ ಲೇಖನಗಳಲ್ಲಿಯೂ ಅದರ ಮಾತು ಬರುವುದುಂಟು. ಬಂದಾಗ ವಾದದ ಧಾಟಿ ಹೀಗಿರುತ್ತದೆ: ಮೊಗಲರ ಗಂಜೀಫದಲ್ಲಿ ಇದ್ದುದು 96 ಎಲೆಗಳು, ದಶಾವತಾರ ಗಂಜೀಫದಲ್ಲಿ 120, ಮುಮ್ಮಡಿ ಕೃಷ್ಣರಾಜ ಒಡೆಯರವರು ಅದನ್ನು 360 ಎಲೆಗಳವರೆಗೆ ಬೆಳೆಸಿದರು, ಆದುದರಿಂದ ಮೈಸೂರಿನ ಛದ ಗಂಜೀಫವೇ ಆ ಪರಂಪರೆಯ ಶಿಖರ. ತಾರ್ಕಿಕರ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಕೊಟ್ಟ ಸಂಖ್ಯೆಗಳೆಲ್ಲ ದಿಟ, ಆದರೆ ಹೇತುವು ಹೇತ್ವಾಭಾಸ. ಎಲೆಗಳು ಹೆಚ್ಚಿದುದರಿಂದ ಆಟ ಹೆಚ್ಚಿತೆಂಬುದು, ಸಾರಿಗೆ ನೀರು ಸುರಿದುದರಿಂದ ಊಟ ಹೆಚ್ಚಿತೆಂದ ಹಾಗೆ.

ಮೂಲದ ಆಟ ಹೇಗಿತ್ತೆಂಬುದನ್ನು ಮೊದಲು ನೋಡಬೇಕು. ಬಾಬರನು 1527ರಲ್ಲಿ ಸಿಂಧಿನ ಷಾ ಹಸನನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿದುದಾಗಿ ತನ್ನ ಚರಿತ್ರೆಯಲ್ಲಿ ಬರೆದುಕೊಂಡಿರುವನು. ಅಕ್ಬರನ ಆಸ್ಥಾನದ ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ಹನ್ನೆರಡು ಬಣ್ಣಗಳ, ಬಣ್ಣಕ್ಕೆ ಹನ್ನೆರಡರಂತೆ 144 ಎಲೆಗಳ ಆಟವನ್ನು ವರ್ಣಿಸಿ, ಬಾದಷಹನು ಅದರಲ್ಲಿ ಮಾಡಿದ ಮಾರ್ಪಾಡುಗಳನ್ನೂ ತಿಳಿಸುವನು. ಆದರೆ ದೇಶದಲ್ಲಿ ಜನರ ಕೈಯಲ್ಲಿ ನಿಂತದ್ದು ಎಂಟು ಬಣ್ಣಗಳ 96 ಎಲೆಗಳ ಆಟ. ಬಾದಷಹನ ಆಟಕ್ಕಿಂತ ಜನರ ಆಟ ಚಿಕ್ಕದಾಗಿತ್ತೆಂಬುದನ್ನು ವಾಚಕರು ಇಲ್ಲಿಯೇ ಗುರುತಿಸಿಕೊಳ್ಳಬೇಕು.

ಎಲೆಗಳು ದುಂಡಾದುವು, ಬಟ್ಟೆ, ಕಾಗದ, ಮರ, ದಂತ, ಆಮೆಯ ಚಿಪ್ಪು ಇವುಗಳಲ್ಲಿ ಮಾಡಿ, ಕೈಯಿಂದ ಬಣ್ಣ ಬರೆದು ಮೆರುಗು ಕೊಟ್ಟವು. ಪ್ರತಿಯೊಂದು ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಒಬ್ಬನು ಇಳಿಸಿದ ಎಲೆಯನ್ನು ಅದೇ ಬಣ್ಣದ ಮೇಲಿನ ಎಲೆಯಿಂದ ಮಾತ್ರವೇ ಗೆಲ್ಲಬಹುದು. ಇಸ್ಪೀಟಿನ ಕೆಲವು ಆಟಗಳಲ್ಲಿರುವಂತೆ ಎಲ್ಲ ಬಣ್ಣಗಳನ್ನೂ ಹೊಡೆಯುವ ತುರುಫು ಎಂಬುದು ಇದರಲ್ಲಿಲ್ಲ. ಹೀಗಾಗಿ ಆಟವೆಲ್ಲವೂ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಕೈಯಲ್ಲಿರುವ ಈ ಎಲೆಗಿಂತ ಮೇಲಿನದು ಇನ್ನೂ ಯಾರ ಬಳಿಯಲ್ಲಾದರೂ ಉಳಿದಿದೆಯೋ, ಅಥವಾ ಹೊರಬಿದ್ದು ಹೋಯಿತೋ? ಹೋದ ಎಲೆಗಳನ್ನೆಲ್ಲ ನೆನಪಿನಲ್ಲಿಟ್ಟವನೇ ಗೆಲ್ಲುವನು. ಇದರ ಮೇಲೆ ಎರಡು ಸಣ್ಣ ಚಮತ್ಕಾರಗಳು. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ಕ್ರಮ ತಿರುಗಿ, ಮಂತ್ರಿಯ ಕೆಳಗೆ ಒಂದೇ ದೊಡ್ಡದು, ಹತ್ತು ಕಡೆಯದು. ಹಗಲಿನಲ್ಲಿ ಆಡಿದರೆ ಒಂದು ಬಣ್ಣದ ರಾಜನನ್ನು ಪಡೆದವನು ಮೊದಲು ಇಳಿಸಬೇಕು, ರಾತ್ರಿಯಲ್ಲಾದರೆ ಮತ್ತೊಂದರ ರಾಜನನ್ನು ಪಡೆದವನು. ಕಾಸಿನ ಖರ್ಚಿಲ್ಲದೆ, ಒಂದೆಲೆಯನ್ನೂ ಹೆಚ್ಚಿಸದೆ, ಆಟವನ್ನು ಎರಡು ಪಾಲು ಸೂಕ್ಷ್ಮಗೊಳಿಸಿದ ಉಪಾಯಗಳಿವು. ಇವನ್ನು ಕಂಡುಹಿಡಿದವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ.

ಈ ಆಟಕ್ಕೆ ಹುಟ್ಟಿದ ಮೊದಲ ಉತ್ತರಭಾಗವೇ ದಶಾವತಾರ ಗಂಜೀಫ. ಎಂಟು ಬಣ್ಣಗಳು ಹತ್ತಾದುವು; ಕಿರೀಟ, ಕತ್ತಿ, ನಾಣ್ಯ ಮೊದಲಾದ ದರ್ಬಾರಿನ ಗುರುತುಗಳ ಜಾಗದಲ್ಲಿ ಮತ್ಸ್ಯದಿಂದ ಕಲ್ಕಿಯವರೆಗಿನ ಅವತಾರಗಳು ಬಂದುವು. ಎಲೆಗಳ ಸಂಖ್ಯೆ 24ರಷ್ಟು ಹೆಚ್ಚಿತು. ಹೆಚ್ಚಾದುದೆಲ್ಲ ಕೆಡುಕೆಂದು ಯಾರಾದರೂ ಹಟ ಹಿಡಿಯುವುದಾದರೆ ಅವರು ಇಲ್ಲಿ ಸೋಲುವರು. ಏಕೆಂದರೆ ಈ ಉತ್ತರಭಾಗವು ಮೂಲಕ್ಕಿಂತ ಹೆಚ್ಚು ದೂರ ನಡೆಯಿತು. ಒರಿಸ್ಸಾದ ಹಳ್ಳಿಗಳು, ಬಂಗಾಳದ ವಿಷ್ಣುಪುರ, ಕೊಂಕಣದ ಸಾವಂತವಾಡಿ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಸೀಮೆಗಳಲ್ಲಿ ಅದು ಬೇರೂರಿತು. ಕಾರಣ ಬಹಳ ಸರಳವಾದುದು. ಪಾರಸಿಯ ಎಂಟು ಹೆಸರುಗಳನ್ನು ನೆನಪಿಡುವುದಕ್ಕಿಂತ ಹತ್ತು ಅವತಾರಗಳನ್ನು ನೆನಪಿಡುವುದು ಹರಿಕಥೆ ಕೇಳಿದ ಹುಡುಗನಿಗೂ ಸುಲಭ. ಮೀನಿನ ಗುರುತು ಕಂಡರೆ ಮತ್ಸ್ಯ, ಕೊಡಲಿ ಕಂಡರೆ ಪರಶುರಾಮ, ಕಮಂಡಲು ಕಂಡರೆ ವಾಮನ, ಯಾರೂ ಹೇಳಿಕೊಡಬೇಕಾದುದಿಲ್ಲ. ಎಲೆಗಳು ಹೆಚ್ಚಿದುವು, ನೆನಪಿನ ಹೊರೆ ತಗ್ಗಿತು. ಹಗಲು ರಾಮನಿಂದ, ಇರುಳು ಕೃಷ್ಣನಿಂದ ಆರಂಭಿಸುವುದೆಂಬ ರೂಢಿಯಲ್ಲಿ ಹಳೆಯ ನಿಯಮಕ್ಕೆ ಹೊಸ ಅರ್ಥವೂ ಕೂಡಿಬಂದಿತು. ಸೂರ್ಯವಂಶದವನು ಹಗಲಿಗೆ, ಚಂದ್ರವಂಶದವನು ಇರುಳಿಗೆ. ಇದಕ್ಕಿಂತ ಅಂದವಾಗಿ ಒಂದು ಆಟವನ್ನು ಒಂದು ದೇಶದಿಂದ ಇನ್ನೊಂದು ದೇಶದ ಮನಸ್ಸಿಗೆ ತರ್ಜುಮೆ ಮಾಡುವುದು ಸಾಧ್ಯವೆ?

ಇನ್ನು ಮೈಸೂರಿನ ಉತ್ತರಭಾಗ. ಮುಮ್ಮಡಿ ಕೃಷ್ಣರಾಜ ಒಡೆಯರವರು 1794ರಲ್ಲಿ ಹುಟ್ಟಿ, 1799ರಲ್ಲಿ ಬಾಲಕರಾಗಿ ಪಟ್ಟವೇರಿ, 1831ರಲ್ಲಿ ರಾಜ್ಯಾಡಳಿತವನ್ನು ಕಂಪೆನಿಯವರ ಕೈಗೆ ಕಳೆದುಕೊಂಡು, 1868ರಲ್ಲಿ ತೀರಿಕೊಂಡವರು. ಅಧಿಕಾರ ಹೋದ ಮೇಲೆ ಉಳಿದ ಮೂವತ್ತೇಳು ವರ್ಷಗಳನ್ನು ಅವರು ವ್ಯರ್ಥವಾಗಿ ಕಳೆಯಲಿಲ್ಲವೆಂಬುದಕ್ಕೆ ಮೈಸೂರೇ ಸಾಕ್ಷಿ. 1833ರಲ್ಲಿ ಆರಂಭವಾದ ಇಂಗ್ಲಿಷ್ ಶಾಲೆ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. 1861ರಲ್ಲಿ ಜಗನ್ಮೋಹನ ಅರಮನೆ ಎದ್ದಿತು. ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿ ಅವರ ಹೆಸರಿನಲ್ಲಿ ಸಿದ್ಧವಾಯಿತು. ಆ ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ, ಮಹಾರಾಜರು ಸ್ವತಃ ಕಲ್ಪಿಸಿದ ಛದ ಗಂಜೀಫದ ಆಟಗಳಿಗೆ ಸ್ಥಾನ ದೊರೆಯಿತು. ಛದವೆಂದರೆ ಸಂಸ್ಕೃತದಲ್ಲಿ ಎಲೆ. ಅಷ್ಟರ ಮಟ್ಟಿಗೆ ಹೆಸರು ವಿನಯವುಳ್ಳದ್ದೇ.

ಆಟಗಳು ಮಾತ್ರ ವಿನಯವುಳ್ಳವಲ್ಲ. ಹನ್ನೆರಡು ಎಲೆಗಳಿದ್ದ ಬಣ್ಣಕ್ಕೆ ಇಲ್ಲಿ ಹದಿನೆಂಟು: ಎಣಿಕೆಯವು ಹನ್ನೆರಡು, ರಾಜ ಮಂತ್ರಿಗಳೇ ಮೊದಲಾದ ಆಸ್ಥಾನದವು ಆರು. ಬಣ್ಣಗಳು ಒಂದು ಆಟದಿಂದ ಇನ್ನೊಂದಕ್ಕೆ ಬೆಳೆಯುತ್ತ ಹದಿನೆಂಟರವರೆಗೆ ಹೋದುವು, ಎಲೆಗಳು 360ರವರೆಗೆ. ಮೂಲದಲ್ಲಿಲ್ಲದ ಸ್ಥಿರವಾದ ತುರುಫನ್ನೂ, ಯಾವ ಎಲೆಯ ಜಾಗದಲ್ಲಿ ಬೇಕಾದರೂ ನಿಲ್ಲಬಲ್ಲ ವಿಶೇಷ ಎಲೆಗಳನ್ನೂ ಸೇರಿಸಿದರು. ಚಿತ್ರಗಳ ವಿಷಯದಲ್ಲಿ ಎರಡು ಮಾತಿಲ್ಲ. ದೇವತೆಗಳ ಮುಖಲಕ್ಷಣ, ವಾಹನ, ಆಯುಧ, ಬಣ್ಣ, ಇವುಗಳಲ್ಲಿ ಶಾಸ್ತ್ರದ ಕಟ್ಟು ಕಿಂಚಿತ್ತೂ ತಪ್ಪದೆ, ಅಂಗೈಗಿಂತ ಚಿಕ್ಕದಾದ ವೃತ್ತದೊಳಗೆ ಒಂದು ದೇವಸ್ಥಾನವನ್ನೇ ಕೂಡಿಸಿದ ಚಿತ್ರಗಾರರ ಕೈ ಅಸಾಧಾರಣವಾದುದು. ಆದರೆ ಪ್ರಶ್ನೆ ಚಿತ್ರದ್ದಲ್ಲ.

ಪ್ರಶ್ನೆ ಲೆಕ್ಕದ್ದು. 96 ಎಲೆಗಳನ್ನು ಮೂವರಿಗೆ ಹಂಚಿದರೆ ತಲೆಗೆ 32. ದಶಾವತಾರವನ್ನು ನಾಲ್ವರಿಗೆ ಹಂಚಿದರೆ 30, ಐವರಿಗಾದರೆ 24. ಮುನ್ನೂರರುವತ್ತನ್ನು ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬನ ಪಾಲಿಗೆ 90 ಬರುತ್ತದೆ. ಐವರು ಕುಳಿತರೂ 72. ತೊಂಬತ್ತು ದುಂಡೆಲೆಗಳನ್ನು ಬಣ್ಣವಾರಿ ಜೋಡಿಸಿ ಹಿಡಿಯುವುದಕ್ಕೆ ಕಾರ್ತವೀರ್ಯಾರ್ಜುನನ ಕೈಗಳು ಬೇಕು. ಕೈ ಹೋಗಲಿ, ನೆನಪು? ಹೊರಬಿದ್ದ ಎಲೆಗಳನ್ನು ನೆನಪಿಡುವುದೇ ಮೂಲದ ಆಟದ ಪ್ರಾಣವೆಂದು ಮೇಲೆ ಹೇಳಿತಷ್ಟೆ. ಮನುಷ್ಯನ ಮನಸ್ಸು ಹಿಡಿಯಬಲ್ಲಷ್ಟನ್ನು ಹಿಡಿಯುವಂತೆ ಮಾಡಿ, ಅದರ ಅಂಚಿನಲ್ಲಿ ತೂಗಾಡಿಸುವುದರಲ್ಲಿ ಅದರ ಸುಖವಿತ್ತು. 360ರಲ್ಲಿ ಆ ಅಂಚು ಬಹು ಹಿಂದೆಯೇ ದಾಟಿಹೋಗುತ್ತದೆ. ನೆನಪು ಸೋತ ಮೇಲೆ ಉಳಿಯುವುದು ಅದೃಷ್ಟ. ಅದರ ಮೇಲೆ ತುರುಫೂ ವಿಶೇಷ ಎಲೆಗಳೂ ಬಂದು ಎರಗಿದರೆ, ಬುದ್ಧಿವಂತನಿಗೂ ಮಂಕನಿಗೂ ಇರುವ ಅಂತರ ಕಿರಿದಾಗುತ್ತ ಬರುತ್ತದೆ. ಮೂಲವನ್ನು ಹೆಚ್ಚು ಕಷ್ಟವಾಗಿ ಮಾಡಬೇಕೆಂದು ಹೊರಟು, ಅದರ ಕಷ್ಟವಿದ್ದ ಸ್ಥಾನವನ್ನೇ ಅಳಿಸಿಬಿಟ್ಟಂತಾಯಿತು. ತುರುಫಿನಿಂದಲೇ ಎಷ್ಟೋ ಇಸ್ಪೀಟಾಟಗಳಿಗೆ ರುಚಿ ಬಂದಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಬಂದಿದೆ, 52 ಎಲೆಗಳ ಕಟ್ಟಿನಲ್ಲಿ, ಕೈಗೆ ಹದಿಮೂರು ಎಲೆ ಇರುವಲ್ಲಿ.

ಈ ಆಟಗಳು ಅರಮನೆಯ ಗೋಡೆಯನ್ನು ದಾಟಿ ಜನರಲ್ಲಿ ಬಳಕೆಗೆ ಬರಲಿಲ್ಲ. ನಗರದ ಅಗ್ರಹಾರಗಳಲ್ಲಿಯಾಗಲಿ ಪೇಟೆಯ ಅಂಗಡಿಗಳ ಹಿಂದಾಗಲಿ ಛದವನ್ನು ಆಡಿದ ಪರಂಪರೆಯಿಲ್ಲ. ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿಕಟ್ಟು, ಇವೆಲ್ಲ ಜಗಲಿಯ ಕಲ್ಲಿನ ಮೇಲೆ, ದೇವಸ್ಥಾನದ ಹಾಸುಗಲ್ಲಿನ ಮೇಲೆ ಗೀಚಿದ ಗೆರೆಗಳಾಗಿ ಇಂದಿಗೂ ಕಣ್ಣಿಗೆ ಬೀಳುತ್ತವೆ. ಛದದ ಗುರುತು ಕಾಣಸಿಗುವುದು ಹಸ್ತಪ್ರತಿಯಲ್ಲಿ ಮತ್ತು ವಸ್ತುಸಂಗ್ರಹದಲ್ಲಿ. ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ ಲೋಕಕ್ಕೆ ತಿಳಿಸಿದವರು ರುಡಾಲ್ಫ್ ಫಾನ್ ಲೇಡನ್ ಎಂಬ ಜರ್ಮನಿಯಲ್ಲಿ ಹುಟ್ಟಿದ ವಿದ್ವಾಂಸರು. ಮೈಸೂರಿನ ಆಟವನ್ನು ಕುರಿತು ತಿಳಿಯಬೇಕೆಂದವರು ಇಂದಿಗೂ ಅವರ ಪುಸ್ತಕಕ್ಕೇ ಕೈಚಾಚಬೇಕು.

ಇಲ್ಲಿ ಅಭಿಮಾನಿಗಳದು ಒಂದು ಆಕ್ಷೇಪಣೆಯುಂಟು. ಛದವು ಸಾಮಾನ್ಯರಿಗಾಗಿ ಮಾಡಿದ ಆಟವಲ್ಲ. ಮೂಲದಲ್ಲಿ ಪಳಗಿದ ಪ್ರವೀಣರಿಗಾಗಿ ಮಾಡಿದ್ದು. ಜನರು ಆಡಲಿಲ್ಲವೆಂಬುದು ಅದಕ್ಕೆ ದೋಷವಲ್ಲ ಎನ್ನುವರು. ಈ ಆಕ್ಷೇಪಣೆಗೆ ತರುಣರ ವಿಡಿಯೋ ಆಟಗಳ ಚರಿತ್ರೆಯಲ್ಲಿಯೇ ಒಳ್ಳೆಯ ಸಮಾಧಾನವಿದೆ. ಜಪಾನಿನ ನಿಂಟೆಂಡೊ ಕಂಪೆನಿಯವರು 1985ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಎಂಬ ಆಟವನ್ನು ಹೊರತಂದರು. ಏನನ್ನೂ ಓದದೆ, ಯಾರನ್ನೂ ಕೇಳದೆ, ಎಡದಿಂದ ಬಲಕ್ಕೆ ಓಡುತ್ತ ನೆಗೆಯುತ್ತ ಕಲಿಯಬಹುದಾದ ಆಟ. ಲೋಕವೇ ಅದಕ್ಕೆ ಮರುಳಾಯಿತು. ಮರುವರ್ಷ ಜಪಾನಿನಲ್ಲಿ ಬಂದ ಎರಡನೆಯ ಭಾಗವು ಮೊದಲನೆಯದನ್ನು ಅರೆದು ಕುಡಿದವರಿಗೆಂದೇ ಮಾಡಿದುದು. ಮೊದಲ ಆಟದಲ್ಲಿ ಅಣಬೆಯನ್ನು ಮುಟ್ಟಿದರೆ ಬಲ ಬರುತ್ತಿತ್ತು. ಇಲ್ಲಿ ವಿಷದ ಅಣಬೆಯೂ ಬಂದಿತು. ನೆಗೆದವನನ್ನು ತಳ್ಳುವ ಗಾಳಿ ಬಂದಿತು. ಅಮೆರಿಕದ ಶಾಖೆಯವರು ಅದನ್ನು ಆಡಿ ನೋಡಿ, ಅತಿ ಕಠಿನವೆಂದು ನಿರಾಕರಿಸಿ, ಬೇರೊಂದು ಆಟವನ್ನು ಮಾರ್ಪಡಿಸಿ 1988ರಲ್ಲಿ ಅದೇ ಹೆಸರಿನಿಂದ ಮಾರಿದರು. ಮೂಲದ ಎರಡನೆಯ ಭಾಗ ಹೊರದೇಶವನ್ನು ಕಂಡದ್ದು 1993ರಲ್ಲಿ, ನಾಲ್ಕು ಆಟಗಳ ಸಂಪುಟದಲ್ಲಿ ಒಂದಾಗಿ. ಪ್ರವೀಣರಿಗೆಂದೇ ಮಾಡಿದ ಆಟಕ್ಕೂ ಪ್ರವೀಣರು ಬೇಕು. ಮೊದಲ ಮಾರಿಯೋವನ್ನು ಕೋಟ್ಯಂತರ ಜನ ಆಡಿದ್ದರಿಂದ ಅಂಥವರು ಕೆಲವರಾದರೂ ದೊರೆತರು. ಮೈಸೂರಿನ ಅರಮನೆಯಲ್ಲಿ ಮೂಲವನ್ನು ಆಡಿ ಬೇಸರಗೊಂಡ ಪ್ರವೀಣರ ಪಡೆ ಎಲ್ಲಿತ್ತು? ಒಡೆಯರ ಎದುರು ಕುಳಿತು ಆಡುವವನು ಗೆಲ್ಲುವುದಕ್ಕೆ ಎಷ್ಟು ಯತ್ನಿಸುತ್ತಿದ್ದನೆಂಬುದೂ ಯೋಚಿಸಬೇಕಾದ ವಿಷಯವೇ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ಛದವೊಂದೇ ಅಲ್ಲ, ಗಂಜೀಫದ ಎಲ್ಲ ಬಗೆಗಳೂ ಯೂರೋಪಿನಿಂದ ಬಂದ ಅಚ್ಚಿನ ಇಸ್ಪೀಟಿನ ಮುಂದೆ ಸೋತುವು. ಕಾಲವೇ ಎಲ್ಲವನ್ನೂ ನುಂಗಿದ ಮೇಲೆ ಒಂದನ್ನೇ ಹಳಿಯುವುದು ನ್ಯಾಯವೆ ಎಂದು ಕೇಳುವರು. ಸೋತುದು ನಿಜ. ಕೈಯಿಂದ ಬರೆದ 120 ಎಲೆಗಳಿಗೂ ಯಂತ್ರದಲ್ಲಿ ಅಚ್ಚಾದ 52 ಎಲೆಗಳಿಗೂ ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ಆದರೆ ಸೋತ ಬಗೆಯಲ್ಲಿ ಭೇದವಿದೆ. ದಶಾವತಾರದ ಎಲೆಗಳನ್ನು ಹಿಡಿದು ನಿಜವಾಗಿ ಆಡುವವರು ಒರಿಸ್ಸಾದ ಕೆಲವು ಕಡೆಗಳಲ್ಲಿ ಇಂದಿಗೂ ಉಳಿದಿರುವರು. ಇನ್ನೂ ಒಂದು ಮಾತು: ಅಚ್ಚಿನ ಎಲೆಗಳು ದೇಶದೊಳಕ್ಕೆ ಹರಿದು ಬರುತ್ತಿದ್ದ ಶತಮಾನವೂ, ಅರಮನೆಯಲ್ಲಿ ಛದವು ಬೆಳೆಯುತ್ತಿದ್ದ ಶತಮಾನವೂ ಒಂದೇ. ಎದುರಾಳಿ 52ಕ್ಕೆ ನಿಂತು ಊರೂರನ್ನು ಗೆಲ್ಲುತ್ತಿದ್ದಾಗ ಇಲ್ಲಿ 360ರ ಕಡೆಗೆ ನಡೆಯಿತು ಪ್ರಯಾಣ.

ಅಧಿಕಾರವನ್ನು ಕಳೆದುಕೊಂಡ ಅರಸರ ಏಕಾಂತಕ್ಕೆ ಈ ಆಟಗಳೇ ಆಶ್ರಯವಾಗಿದ್ದುವು, ಅದನ್ನು ನೆನೆದಾದರೂ ಕಠಿನವಾಗಿ ಮಾತನಾಡಬಾರದೆಂಬ ಮೃದುಹೃದಯರೂ ಉಂಟು. ಅವರ ಅನುಕಂಪ ಶ್ಲಾಘ್ಯ. ಆದರೆ ಕರ್ತೃವಿನ ದುಃಖವು ಕೃತಿಗೆ ಗುಣವಾಗಲಾರದು. ಅಲ್ಲದೆ ಅದೇ ಅರಸರು ಇನ್ನೊಂದು ಕಡೆಯಲ್ಲಿ ಯಾರ ಅನುಕಂಪವೂ ಬೇಡದಂಥ ಕೆಲಸವನ್ನು ಮಾಡಿರುವರು. ಚದುರಂಗದ ಕುದುರೆಯನ್ನು ಅದರ ನಡೆಯನ್ನು ತಪ್ಪಿಸದೆ 64 ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಇರಿಸುತ್ತ ಸುತ್ತಿಸುವ ಸಮಸ್ಯೆ ಬಹು ಹಳೆಯದು. ಒಂಬತ್ತನೆಯ ಶತಮಾನದ ರುದ್ರಟನು ಕಾವ್ಯಾಲಂಕಾರದಲ್ಲಿ ಅದನ್ನು ಚಿತ್ರಬಂಧವಾಗಿ ಬಳಸಿದ್ದನು. ಮುಮ್ಮಡಿಯವರು ಈ ತುರಗಬಂಧವನ್ನು ಕೈಗೆತ್ತಿಕೊಂಡು ಹೊಸ ಬಂಧಗಳನ್ನು ರಚಿಸಿದರು. ಚದುರಂಗದ ಚರಿತ್ರೆಯನ್ನೂ ಅಂಕಿಗಳ ವಿನೋದವನ್ನೂ ಅಭ್ಯಾಸ ಮಾಡುವ ಪಾಶ್ಚಾತ್ಯರು ಅವನ್ನು ಮೈಸೂರಿನ ಅರಸರ ಹೆಸರಿನಿಂದಲೇ ಸ್ಮರಿಸುವರು. ಅಲ್ಲಿ ಅವರು ಒಂದು ಮನೆಯನ್ನೂ ಹೆಚ್ಚಿಸಲಿಲ್ಲ, ಕುದುರೆಗೆ ಐದನೆಯ ಕಾಲನ್ನು ಕೊಡಲಿಲ್ಲ. ಇದ್ದ 64 ಮನೆಗಳೊಳಗೇ ಯಾರೂ ನಡೆಯದ ದಾರಿಯನ್ನು ಹುಡುಕಿದರು. ಕೌತುಕನಿಧಿಯ ಕರ್ತೃವನ್ನು ಹೊಗಳಬೇಕೆನ್ನುವವರು ಇದನ್ನು ಬಿಟ್ಟು 360ರ ಕಡೆಗೆ ಬೆರಳು ತೋರುವುದೇಕೆ?

ಚದುರಂಗದ ಚರಿತ್ರೆಯೂ ಇದನ್ನೇ ಹೇಳುತ್ತದೆ. ತೈಮೂರನ ಹೆಸರಿನಲ್ಲಿ ಪ್ರಸಿದ್ಧವಾದ ದೊಡ್ಡ ಚದುರಂಗದಲ್ಲಿ 110 ಮನೆಗಳೂ ಪಕ್ಕಗಳಲ್ಲಿ ಎರಡು ಕೋಟೆಮನೆಗಳೂ ಇದ್ದುವು. ಜಿರಾಫೆಯೇ ಮೊದಲಾದ ವಿಚಿತ್ರ ಕಾಯಿಗಳಿದ್ದುವು. ಅದು ಈಗ ಚರಿತ್ರೆಯ ಪುಸ್ತಕಗಳಲ್ಲಿದೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಯೂರೋಪಿನವರು ಮಾಡಿದುದು ಬೇರೆ. ಹಾಸೂ ಕಾಯಿಗಳ ಸಂಖ್ಯೆಯೂ ಇದ್ದಂತೆಯೇ ಇರಲು, ಓರೆಯಾಗಿ ಒಂದೇ ಮನೆ ಸರಿಯುತ್ತಿದ್ದ ಮಂತ್ರಿಯನ್ನು ಎಲ್ಲ ದಿಕ್ಕಿಗೂ ಎಷ್ಟು ದೂರವಾದರೂ ಹೋಗುವಂತೆ ಬಿಟ್ಟರು. ಒಂಟೆಗೂ ಓರೆಯ ದಾರಿಯನ್ನು ಪೂರ್ತಿಯಾಗಿ ತೆರೆದರು. ಲೋಕವೆಲ್ಲ ಇಂದು ಆಡುವ ಚದುರಂಗ ಇದು. ಇದೂ ಉತ್ತರಭಾಗವೇ, ಮೂಲವನ್ನು ಮೀರಿಸಿದ ಉತ್ತರಭಾಗ.

ಆದುದರಿಂದ ಮೊದಲಿನದೇ ಯಾವಾಗಲೂ ಮೇಲೆಂದು ಹೇಳುವ ಎರಡನೆಯ ಪಕ್ಷದ ತರುಣರೂ ಇಲ್ಲಿ ಜಯಘೋಷ ಮಾಡಬೇಕಾದುದಿಲ್ಲ. ಸಾಹಿತ್ಯವನ್ನು ಬಲ್ಲವರಿಗೆ ಭವಭೂತಿಯ ನಿದರ್ಶನ ಒಂದೇ ಸಾಕು. ಮಹಾವೀರಚರಿತದಲ್ಲಿ ವಿಶ್ವಾಮಿತ್ರನ ಯಜ್ಞದಿಂದ ಪಟ್ಟಾಭಿಷೇಕದವರೆಗಿನ ಕಥೆ, ಮಾಲ್ಯವಂತನ ತಂತ್ರಗಳು, ಯುದ್ಧ, ಕೋಲಾಹಲ. ಉತ್ತರರಾಮಚರಿತಕ್ಕೆ ಬಂದರೆ ಯುದ್ಧವು ಮಕ್ಕಳ ಕೈಗೆ ಹೋಗಿ, ನಾಯಕನು ಅಳುವುದನ್ನು ಕಲಿಯುತ್ತಾನೆ. ಅದರ ಮೊದಲ ಅಂಕದಲ್ಲಿಯೇ ರಾಮ ಸೀತೆ ಲಕ್ಷ್ಮಣರು ತಮ್ಮ ಹಿಂದಿನ ಕಥೆಯ ಚಿತ್ರಗಳನ್ನು ನೋಡುತ್ತ ನಿಲ್ಲುವರು. ಮೂಲದ ನಾಟಕವೆಲ್ಲ ಉತ್ತರನಾಟಕದಲ್ಲಿ ಒಂದು ಚಿತ್ರಶಾಲೆಯಾಗಿ, ಆ ಚಿತ್ರಗಳಿಂದಲೇ ಮುಂದಿನ ವಿರಹದ ಬೀಜ ಮೊಳೆಯುತ್ತದೆ. ಪಂಡಿತರು ಯಾವುದನ್ನು ಮೇಲೆಂದು ಎಣಿಸಿರುವರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಿಡಿಯೋ ಆಟಗಳಲ್ಲಿಯೂ ಎರಡು ಬಗೆಯೂ ಉಂಟು. ಏಜ್ ಆಫ್ ಎಂಪೈರ್ಸ್ ಎಂಬ ಸಾಮ್ರಾಜ್ಯಗಳ ಆಟದ ಎರಡನೆಯ ಭಾಗ 1999ರಲ್ಲಿ ಬಂದುದು. ಮೊದಲ ಭಾಗವನ್ನು ಅದು ಮರೆಸಿಯೇಬಿಟ್ಟಿತು. 2005ರಲ್ಲಿ ಮೂರನೆಯ ಭಾಗ ಬಂದಿತು. ಅದರ ಚಿತ್ರಗಳು ಹೆಚ್ಚು ಕಾಂತಿಯುಳ್ಳವು. ದೂರದ ಸ್ವಂತ ನಗರದಿಂದ ಎಲೆಗಳ ಮೂಲಕ ಸಹಾಯವನ್ನು ತರಿಸಿಕೊಳ್ಳುವ ಹೊಸ ಏರ್ಪಾಡೊಂದೂ ಅದರಲ್ಲಿತ್ತು. (ಎಲೆಗಳು ಇಲ್ಲಿಯೂ ಬಂದುವು!) ಅದಕ್ಕೂ ಅಭಿಮಾನಿಗಳಿರುವರು. ಆದರೂ 2013ರಲ್ಲಿಯೂ 2019ರಲ್ಲಿಯೂ ಎರಡನೆಯ ಭಾಗವನ್ನೇ ಹೊಸದಾಗಿ ಸಜ್ಜುಗೊಳಿಸಿ ಹೊರತರಬೇಕಾಯಿತು. ಇಪ್ಪತ್ತು ವರ್ಷಗಳ ಮೇಲೂ ಪಂದ್ಯಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. ನಾಗರಿಕತೆಗಳ ಆಟವನ್ನು ಕಟ್ಟಿದ ಸಿಡ್ ಮೈಯರ್ ಎಂಬಾತನ ಹೆಸರಿನಲ್ಲಿ ಒಂದು ಸೂತ್ರ ಪ್ರಚಾರದಲ್ಲಿದೆ: ಉತ್ತರಭಾಗದಲ್ಲಿ ಮೂರರಲ್ಲೊಂದು ಪಾಲು ಹಳೆಯದು ಹಾಗೆಯೇ ಇರಬೇಕು, ಒಂದು ಪಾಲು ತಿದ್ದಿದ್ದಾಗಿರಬೇಕು, ಒಂದು ಪಾಲು ಮಾತ್ರ ಹೊಸದಾಗಿರಬೇಕು. ದಶಾವತಾರವನ್ನು ಈ ತಕ್ಕಡಿಯಲ್ಲಿಟ್ಟರೆ ತೂಕ ಸರಿಹೋಗುತ್ತದೆ. ಛದವನ್ನಿಟ್ಟರೆ ತಕ್ಕಡಿಯ ದಾರವೇ ಕಿತ್ತುಬರುವುದು.

ಇಷ್ಟೆಲ್ಲ ಹಳೆಯ ಲೆಕ್ಕವನ್ನು ಈಗ ತೆಗೆಯಬೇಕಾದುದೇಕೆಂದರೆ, ಈ ತಪ್ಪು ಓದಿನ ಫಲವನ್ನು ಮೈಸೂರು ಇಂದಿಗೂ ಉಣ್ಣುತ್ತಿದೆ. ಗಂಜೀಫ ರಘುಪತಿ ಭಟ್ಟರಂಥ ಕಲಾವಿದರು ನಂದಿಹೋಗುತ್ತಿದ್ದ ಚಿತ್ರಕಲೆಯನ್ನು ಮತ್ತೆ ಬೆಳಗಿಸಿದರು. ಅವರಿಗೆ ನಾಡು ಋಣಿ. ಮೈಸೂರು ಗಂಜೀಫಕ್ಕೆ ಭೌಗೋಳಿಕ ಸೂಚಕವೆಂಬ ಸರ್ಕಾರದ ಮನ್ನಣೆಯೂ ದೊರೆತಿದೆ, ಕರಕುಶಲ ವಸ್ತುವೆಂಬ ವರ್ಗದಲ್ಲಿ. ವರ್ಗ ಸರಿಯಾಗಿಯೇ ಇದೆ. ಕೊಂಡವರು ಎಲೆಗಳಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವರು. ಹಾಕದೆ ಮತ್ತೇನು ಮಾಡಬೇಕು, ಆಡುವ ಕ್ರಮವನ್ನು ಯಾರೂ ಹೇಳಿಕೊಡಲಿಲ್ಲವಲ್ಲ! ಶಿಖರವೆಂದು ಹೊಗಳಿದ ಆಟವನ್ನು ಆಡಲು ಸಾಧ್ಯವಿಲ್ಲ. ಆಡಲು ಸಾಧ್ಯವಾದ ಆಟವನ್ನು ಶಿಖರದ ಕೆಳಗಿನ ಮೆಟ್ಟಿಲೆಂದು ಕಡೆಗಣಿಸಿದ್ದಾಯಿತು. ನಡುವೆ ಸತ್ತುದು ಆಟ.

ಕೌತುಕನಿಧಿಯಲ್ಲಿ ಇನ್ನೊಂದು ಪ್ರಕರಣವಿರುವುದನ್ನು ಇಲ್ಲಿ ನೆನೆಯಬಹುದು. ಅದರಲ್ಲಿ 122 ಯೋಗಾಸನಗಳ ಚಿತ್ರಗಳಿವೆ. 1996ರಲ್ಲಿ ನಾರ್ಮನ್ ಸ್ಯೋಮನ್ ಎಂಬ ವಿದ್ವಾಂಸರು ಅವನ್ನು ಪ್ರಕಟಿಸಿದ ಮೇಲೆ ಲೋಕದ ಗಮನ ಅತ್ತ ತಿರುಗಿತು. ಆಸನಗಳ ಚಿತ್ರಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ಏರಿಸಿ ಮೈಸೂರು ತೃಪ್ತಿಪಟ್ಟಿದ್ದರೆ, ಯೋಗಾಭ್ಯಾಸಕ್ಕೆಂದು ಇಂದು ಗೋಕುಲಂನ ಬೀದಿಗಳಿಗೆ ದೇಶದೇಶಗಳಿಂದ ಜನ ಬಂದಿಳಿಯುತ್ತಿರಲಿಲ್ಲ. ಇಲ್ಲಿ ಮೈ ಬಗ್ಗಿಸಿದವರಿದ್ದರು, ಬಗ್ಗಿಸುವುದನ್ನು ಕಲಿಸಿದವರಿದ್ದರು.

ಹಳೆಯ ಮಣೆಯಾಟಗಳನ್ನು ಉಳಿಸುವ ಕೆಲಸ ಊರಿನಲ್ಲಿ ನಡೆದೇ ಇಲ್ಲವೆಂದಲ್ಲ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯವೆಂಬ ಪ್ರದರ್ಶನಗಳನ್ನು ನಡೆಸಿ, ಪಗಡೆಯ ಹಾಸನ್ನೂ ಅಳಗುಳಿಮಣೆಯನ್ನೂ ಮತ್ತೆ ಮನೆಗಳಿಗೆ ತಲಪಿಸಿದರು. ಅಲ್ಲಿ ಮಣೆಗಳನ್ನು ಕೊಂಡವರು ಆಡುವುದಕ್ಕೆಂದೇ ಕೊಂಡರು. ಗಂಜೀಫಕ್ಕೂ ಆಗಬೇಕಾದುದು ಅಷ್ಟೇ, ಮತ್ತು ಅದು 360 ಎಲೆಗಳಿಂದ ಆಗತಕ್ಕದ್ದಲ್ಲ. ದಶಾವತಾರದ ಒಂದು ಕಟ್ಟನ್ನು ಒರಟು ರಟ್ಟಿನ ಮೇಲೆ ಅಗ್ಗವಾಗಿ ಅಚ್ಚುಹಾಕಿಸುವುದು ಯಾವ ಸಾಹಿತ್ಯ ಸಂಘಕ್ಕೂ ಮೀರಿದ ವೆಚ್ಚವಲ್ಲ. ಚಿತ್ರಗಾರರ ಅನ್ನಕ್ಕೆ ಇದರಿಂದ ಕುಂದು ಬರುವುದೆಂದು ಅಂಜಬೇಕಾಗಿಲ್ಲ. ಆಟವನ್ನು ಬಲ್ಲವನೇ ಒಳ್ಳೆಯ ಎಲೆಗೆ ಬೆಲೆ ಕೊಡುವನು. ಜೊತೆಗೆ ಕನ್ನಡದಲ್ಲಿ ಎರಡು ಪುಟಗಳ ನಿಯಮಾವಳಿ ಸಾಕು: ರಾಜ, ಮಂತ್ರಿ, ಹತ್ತು ಎಣಿಕೆ, ಐದು ಅವತಾರಗಳಲ್ಲಿ ಹತ್ತು ದೊಡ್ಡದು, ಉಳಿದ ಐದರಲ್ಲಿ ಒಂದು ದೊಡ್ಡದು, ತುರುಫಿಲ್ಲ. ವಿಡಿಯೋ ಆಟಗಳ ಎರಡನೆಯ ಭಾಗಕ್ಕಾಗಿ ಜಗಳವಾಡುವ ಅದೇ ತರುಣರಲ್ಲಿ ನಾಲ್ವರನ್ನು ಸಂಘದ ಕೊಠಡಿಯಲ್ಲಿ ಒಂದು ಭಾನುವಾರ ಕೂಡಿಸಿ, ಕೈಗೆ ಮೂವತ್ತು ಎಲೆಗಳಂತೆ ಹಂಚಲಿ. ಮಧ್ಯಾಹ್ನವಾಗಿದ್ದರೆ ರಾಮನನ್ನು ಪಡೆದವನು ಮೊದಲು ಇಳಿಸತಕ್ಕದ್ದು. ದೀಪ ಹಚ್ಚಿದ ಮೇಲೆ ಕುಳಿತರೆ ಕೃಷ್ಣನನ್ನು ಪಡೆದವನು.